ಇಂದಿನ ಧಮ್ಮ ಚಿಂತನೆ: ಚಕ್ರದ ಸೊಟ್ಟ, ನಮ್ಮ ಸೊಟ್ಟ





ಇವತ್ತು ನಮ್ಮ ಮನೆಯಲ್ಲೇ ನಡೆದ ಒಂದು ವಿಷಯ ಹೇಳುತ್ತೇನೆ. ನನ್ನ ತಪ್ಪಿನ ವಿಷಯ, ಹಾಗಾಗಿ ಹೇಳಲು ಸ್ವಲ್ಪ ಮುಜುಗರ. ಆದರೆ ತಪ್ಪನ್ನು ಬಚ್ಚಿಟ್ಟುಕೊಂಡು ಧಮ್ಮ ಓದಿದರೆ ಏನು ಬಂತು?

ಕಳೆದ ವಾರ ನನ್ನ ಮಗ ಸೈಕಲ್ಲನ್ನು ಗುಂಡಿಗೆ ಇಳಿಸಿ, ಹಿಂದಿನ ಚಕ್ರ ಸೊಟ್ಟ ಮಾಡಿಕೊಂಡು ಬಂದ. ಅಂಗಡಿಯವರ ಮಾತಿನಲ್ಲಿ ಚಕ್ರ 'ಔಟ್' ಆಗಿತ್ತು. ಪ್ರತಿ ಸುತ್ತಿಗೂ ರಿಮ್ಮು ಒಂದು ಜಾಗದಲ್ಲಿ ಬ್ರೇಕಿನ ರಬ್ಬರಿಗೆ ಉಜ್ಜುತ್ತಿತ್ತು. ಅವನ ಗೆಳೆಯರು ಬಾಗಿಲಲ್ಲೇ ನಿಂತಿದ್ದರು. ಅವರ ಎದುರಿಗೇ ನಾನು ರೇಗಿದೆ. "ನಿನ್ನ ಕೈಗೆ ಏನು ಕೊಟ್ಟರೂ ಅಷ್ಟೇ. ನೀನು ಯಾವುದಕ್ಕೂ ಲಾಯಕ್ಕಿಲ್ಲ" ಅಂದುಬಿಟ್ಟೆ. ಅವನು ತಲೆ ತಗ್ಗಿಸಿ ಒಳಗೆ ಹೋದ.

ಅಂದ ಮೇಲೆ ಆ ಮಾತು ನನ್ನ ಕಿವಿಗೇ ಬಿತ್ತು. ನಾನು ಚಿಕ್ಕವನಿದ್ದಾಗ ಅದೇ ಮಾತನ್ನು ಬೇರೆಯವರ ಬಾಯಿಂದ ಕೇಳಿದ್ದೆ. ಯಾರು, ಯಾಕೆ ಹಾಗನ್ನುತ್ತಿದ್ದರು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಮಾತಿನಿಂದ ಬಿಡುಗಡೆ ಬೇಕೆಂದೇ ನಾವು ಬುದ್ಧರ ಕಡೆಗೆ ಬಂದವರು. ಬಾಬಾಸಾಹೇಬರ ಪಟ ಇರುವ ಮನೆಯ ಬಾಗಿಲಲ್ಲಿ ನಿಂತು, ನಾನು ಅದೇ ಮಾತನ್ನು ನನ್ನ ಮಗನಿಗೆ ದಾಟಿಸಿದ್ದೆ.

ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ.

ಭಾನುವಾರ ಒಂದು ಸ್ಪೋಕ್ ಕೀ ತಂದೆ. ಅಂಗಡಿಗೆ ಒಯ್ಯುವುದು ಬೇಡ, ನಾನೇ ಕಲಿತು ಸರಿ ಮಾಡುತ್ತೇನೆ ಎಂದು ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಟು ಮತ್ತು ಹ್ಯಾಂಡಲ್ ಮೇಲೆ ನಿಲ್ಲಿಸಿ, ಅಂಗಳದಲ್ಲಿ ಕುಳಿತೆ.

ಆ ಚಕ್ರದಲ್ಲಿ 36 ಕಡ್ಡಿಗಳು. ಅರ್ಧ ಕಡ್ಡಿಗಳು ಹಬ್ಬಿನ ಎಡಗಡೆಗೆ, ಅರ್ಧ ಬಲಗಡೆಗೆ. ಪ್ರತಿಯೊಂದೂ ರಿಮ್ಮನ್ನು ತನ್ನ ಕಡೆಗೆ ಎಳೆಯುತ್ತದೆ. ಎರಡೂ ಕಡೆಯ ಎಳೆತ ಒಂದಕ್ಕೊಂದು ತೂಗಿದಾಗ ರಿಮ್ಮು ನಡುವೆ ನೇರ ನಿಲ್ಲುತ್ತದೆ. ಒಂದು ಕಡೆ ಸಡಿಲವಾದರೆ ಇನ್ನೊಂದು ಕಡೆಗೆ ವಾಲುತ್ತದೆ.

ನಮ್ಮ ಚಕ್ರ ಬಲಕ್ಕೆ ವಾಲಿತ್ತು. ನಾನು ಆ ಜಾಗದ ಎಡಗಡೆಯ ಒಂದೇ ಕಡ್ಡಿ ಹಿಡಿದು, ಅದರ ನಿಪ್ಪಲ್ಲನ್ನು ಬಿಗಿ ಮಾಡಲೆಂದು ಎರಡು ಸುತ್ತು ಜೋರಾಗಿ ತಿರುಗಿಸಿದೆ. ಸೊಟ್ಟ ಇನ್ನೂ ಹೆಚ್ಚಾಯಿತು! ಮತ್ತೆ ತಿರುಗಿಸಿದೆ, ಮತ್ತೂ ಹೆಚ್ಚಾಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗ ಮೆಲ್ಲಗೆ ಹೇಳಿದ: "ಅಪ್ಪಾ, ಉಲ್ಟಾ ತಿರುಗಿಸ್ತಿದ್ದೀರ."

ಅವನು ಹೇಳಿದ್ದು ನಿಜ. ಟೈರಿನ ಕಡೆಯಿಂದ ನೋಡಿದಾಗ ನಿಪ್ಪಲ್ಲು ಗಡಿಯಾರದ ಮುಳ್ಳಿನಂತೆ ತಿರುಗಿದರೆ ಬಿಗಿಯಾಗುತ್ತದೆ. ಅದೇ ತಿರುಗು ಹಬ್ಬಿನ ಕಡೆಯಿಂದ ನೋಡಿದರೆ ಉಲ್ಟಾ ಕಾಣುತ್ತದೆ. ನಾನು ಬಗ್ಗಿ ಹಬ್ಬಿನ ಕಡೆಯಿಂದ ನೋಡುತ್ತಿದ್ದೆ. ಬಿಗಿ ಮಾಡುತ್ತಿದ್ದೇನೆ ಅಂದುಕೊಂಡು ಸಡಿಲ ಮಾಡುತ್ತಿದ್ದೆ. ನಾನು ಕುಳಿತ ಜಾಗದಿಂದ ನನಗೆ ಸರಿಯಾಗಿಯೇ ಕಾಣುತ್ತಿತ್ತು.

ಬಂಧುಗಳೇ, ಮಗನಿಗೆ ಬೈದಾಗಲೂ ಅಷ್ಟೇ ಅಲ್ಲವೇ? ತಿದ್ದುತ್ತಿದ್ದೇನೆ ಅಂದುಕೊಂಡಿದ್ದೆ. ಅವನನ್ನು ಒಳಗೇ ಮುರಿಯುತ್ತಿದ್ದೆ.

ಆಮೇಲೆ ಇಬ್ಬರೂ ಕೂತೆವು. ನಾನು ಬಿಚ್ಚಿದ್ದನ್ನು ಮೊದಲು ವಾಪಸ್ ತಿರುಗಿಸಿದೆವು. ಅವನು ಬ್ರೇಕಿಗೆ ಕೈ ಊರಿ, ರಿಮ್ಮಿನ ಹತ್ತಿರ ಸೀಮೆಸುಣ್ಣ ಹಿಡಿದ. ನಾನು ಚಕ್ರ ಮೆಲ್ಲಗೆ ತಿರುಗಿಸಿದೆ. ಎಲ್ಲಿ ವಾಲಿದೆಯೋ ಅಲ್ಲಿ ಮಾತ್ರ ಸುಣ್ಣದ ಗೆರೆ ಬಿತ್ತು. ಅಲ್ಲಿನ ಎಡಗಡೆಯ ಕಡ್ಡಿಗಳಿಗೆ ಕಾಲು ಸುತ್ತು ಬಿಗಿ, ಪಕ್ಕದ ಬಲಗಡೆಯ ಕಡ್ಡಿಗಳಿಗೆ ಕಾಲು ಸುತ್ತು ಸಡಿಲ. ಮತ್ತೆ ತಿರುಗಿಸಿ ನೋಡುವುದು. ಮತ್ತೆ ಕಾಲು ಸುತ್ತು. ಬರೀ ಬಿಗಿ ಮಾಡುತ್ತಾ ಹೋದರೆ ಆ ಜಾಗದಲ್ಲಿ ರಿಮ್ಮು ಒಳಕ್ಕೆ ಕುಸಿದು ಚಕ್ರದ ದುಂಡು ಕೆಡುತ್ತದೆ. ಬರೀ ಸಡಿಲ ಮಾಡಿದರೆ ಚಕ್ರಕ್ಕೆ ಬಲವೇ ಇರುವುದಿಲ್ಲ. ಎರಡೂ ಜೊತೆಜೊತೆಗೆ ಆಗಬೇಕು. ಒಂದೂವರೆ ಗಂಟೆ ಹಿಡಿಯಿತು. ಕೂದಲೆಳೆಯಷ್ಟು ಓಲಾಟ ಇನ್ನೂ ಇದೆ, ಆದರೆ ರಬ್ಬರಿಗೆ ತಾಗುತ್ತಿಲ್ಲ.

ಆ ರಾತ್ರಿ ನನಗೆ ಅಂಗುತ್ತರ ನಿಕಾಯದ ಪಚೇತನ ಸುತ್ತ ನೆನಪಾಯಿತು. ಭಗವಾನ್ ಬುದ್ಧರು ವಾರಾಣಸಿಯ ಇಸಿಪತನದಲ್ಲಿ ಹೇಳಿದ ಕಥೆ. ಧಮ್ಮಚಕ್ರ ಮೊದಲು ಉರುಳಿದ ಜಾಗವೇ ಅದು.

ಪಚೇತನ ಎಂಬ ರಾಜ ತನ್ನ ರಥಕಾರನಿಗೆ, 6 ತಿಂಗಳಲ್ಲಿ ಯುದ್ಧ ಇದೆ, ಒಂದು ಜೊತೆ ಚಕ್ರ ಮಾಡಿಕೊಡು ಎನ್ನುತ್ತಾನೆ. 6 ದಿನ ಬಾಕಿ ಇರುವಾಗ ವಿಚಾರಿಸಿದರೆ ಒಂದೇ ಚಕ್ರ ಮುಗಿದಿರುತ್ತದೆ. ರಥಕಾರ ಎರಡನೆಯದನ್ನು ಆ 6 ದಿನಗಳಲ್ಲಿ ಮಾಡಿ ತರುತ್ತಾನೆ. ರಾಜನಿಗೆ ಎರಡೂ ಒಂದೇ ತರಹ ಕಾಣುತ್ತವೆ. ಆಗ ರಥಕಾರ ಎರಡನ್ನೂ ಉರುಳಿಸಿ ತೋರಿಸುತ್ತಾನೆ. 6 ದಿನದ ಚಕ್ರ ದೂಡಿದ ವೇಗ ಇರುವವರೆಗೆ ಹೋಗಿ, ಸುತ್ತಾಡಿ ಬೀಳುತ್ತದೆ. ಇನ್ನೊಂದು ಚಕ್ರ ವೇಗ ಮುಗಿದ ಮೇಲೂ ಅಚ್ಚಿಗೆ ಹಾಕಿದಂತೆ ನೆಟ್ಟಗೆ ನಿಲ್ಲುತ್ತದೆ. ಬಿದ್ದ ಚಕ್ರದ ಅಂಚಿನಲ್ಲಿ, ಅರೆಗಳಲ್ಲಿ, ಗುಂಬದಲ್ಲಿ ಸೊಟ್ಟ ಉಳಿದಿತ್ತು.

ಆ ರಥಕಾರ ತಾನೇ ಎಂದು ಬುದ್ಧರು ಹೇಳಿದರು ಎನ್ನುತ್ತದೆ ಸುತ್ತ. ಪೂರ್ವಜನ್ಮದ ಮಾತನ್ನು ಪಕ್ಕಕ್ಕಿಟ್ಟರೂ ತಿರುಳು ಉಳಿಯುತ್ತದೆ. ಆಗ ಮರದ ಸೊಟ್ಟ ತಿಳಿದವನು, ಈಗ ಕಾಯ, ಮಾತು, ಮನಸ್ಸಿನ ಸೊಟ್ಟ ತಿಳಿದವನು ಎಂಬುದೇ ಆ ತಿರುಳು. ಇನ್ನೊಂದು ವಿಷಯ ಗಮನಿಸಿ. ಆ ಕಾಲದ ಸಮಾಜ ಕೀಳೆಂದು ಎಣಿಸಿದ ಕುಲಗಳನ್ನು ಪಾಳಿ ಗ್ರಂಥಗಳು ಹೆಸರಿಸುವಾಗ, ಚಂಡಾಲ, ಪುಕ್ಕುಸರ ಜೊತೆ ರಥಕಾರರ ಹೆಸರೂ ಬರುತ್ತದೆ. ಲೋಕ ಯಾರನ್ನು ಲಾಯಕ್ಕಿಲ್ಲ ಎಂದಿತೋ, ಬುದ್ಧರು ಅವನ ಕೈಕೆಲಸದಲ್ಲೇ ತಮ್ಮನ್ನು ಗುರುತಿಸಿಕೊಂಡರು. ನಾನು ನನ್ನ ಮಗನಿಗೆ ಲೋಕದ ಮಾತು ಹೇಳಿದ್ದೆ, ಬುದ್ಧರ ಮಾತಲ್ಲ.

ಅಷ್ಟಾಂಗ ಮಾರ್ಗದ ಸಮ್ಮಾ ವಾಯಾಮ, ಅಂದರೆ ಸಮ್ಯಕ್ ಪ್ರಯತ್ನದಲ್ಲಿ ನಾಲ್ಕು ಕೆಲಸಗಳಿವೆ. ಹುಟ್ಟದ ಅಕುಶಲ ಹುಟ್ಟದಂತೆ ತಡೆಯುವುದು, ಹುಟ್ಟಿದ ಅಕುಶಲ ಬಿಡುವುದು, ಹುಟ್ಟದ ಕುಶಲ ಹುಟ್ಟಿಸುವುದು, ಹುಟ್ಟಿದ ಕುಶಲ ಉಳಿಸಿ ಬೆಳೆಸುವುದು. ಅಂದರೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಇದೇ ಜೋಡಿ ಇದೆ. ಬಿಡಬೇಕಾದವೂ ಇವೆ, ಹಿಡಿಯಬೇಕಾದವೂ ಇವೆ. ನಾವು ಅನೇಕರು ಬಿಡುವುದನ್ನು ಮಾಡಿದ್ದೇವೆ. ಹಳೆಯ ಪಟಗಳು, ಹರಕೆ, ಪಂಚಾಂಗ ಬಿಟ್ಟೆವು. ಒಳ್ಳೆಯದೇ. ಆದರೆ ಮನೆಯೊಳಗಿನ ಮೈತ್ರಿ, ಸಮತೆ, ಮಾತಿನ ಶೀಲ, ಈ ಕಡ್ಡಿಗಳನ್ನು ಬಿಗಿ ಮಾಡಿದ್ದೇವೆಯೇ?

ಒಬ್ಬನೇ ಬದುಕುವವನಿಗೆ ಧಮ್ಮ ಬೇಕಿಲ್ಲ, ಇಬ್ಬರು ಸೇರಿದ ಕೂಡಲೇ ಬೇಕು ಎಂಬುದು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಮಾಡುವ ವಾದ. ಅಪ್ಪ ಮತ್ತು ಮಗ ಇಬ್ಬರು. ಗಂಡ ಮತ್ತು ಹೆಂಡತಿ ಇಬ್ಬರು. ಧಮ್ಮ ಶುರುವಾಗಬೇಕಾದದ್ದು ಅಲ್ಲೇ.

ಮರುದಿನ ಬೆಳಿಗ್ಗೆ ಅವನ ಗೆಳೆಯರು ಬಂದಾಗ, ಅವರ ಎದುರಿಗೇ ಹೇಳಿದೆ: "ಅವತ್ತು ನಾನು ಅಂದದ್ದು ತಪ್ಪು. ಚಕ್ರ ಸರಿ ಮಾಡಲು ನನಗೆ ದಾರಿ ತೋರಿಸಿದವನು ಇವನೇ." ಬೈದದ್ದು ನಾಲ್ಕು ಜನರ ಮುಂದೆ. ತಪ್ಪು ಒಪ್ಪಿಕೊಳ್ಳುವುದೂ ಅಲ್ಲೇ ಆಗಬೇಕಿತ್ತು. ಅವನು ಏನೂ ಹೇಳಲಿಲ್ಲ, ಸೈಕಲ್ ಹತ್ತಿ ಹೋದ. ತಿರುವಿನಲ್ಲಿ ಒಂದು ಸಲ ಬೆಲ್ ಹೊಡೆದ.

*ಇಂದಿನ ಅಭ್ಯಾಸ:* ಇವತ್ತು ಮನೆಯಲ್ಲಿ ನಿಮ್ಮ ಮಾತು ಯಾರಿಗೆ ಉಜ್ಜುತ್ತಿದೆ ಎಂದು ನೋಡಿ. ಅಲ್ಲೊಂದು ಸುಣ್ಣದ ಗೆರೆ ಹಾಕಿಕೊಳ್ಳಿ. ಒಂದು ಕಟು ಮಾತು ಕಾಲು ಸುತ್ತು ಸಡಿಲ ಮಾಡಿ, ಒಂದು ಮೈತ್ರಿಯ ಮಾತು ಕಾಲು ಸುತ್ತು ಬಿಗಿ ಮಾಡಿ. ಸಂಜೆ ಚಕ್ರ ತಿರುಗಿಸಿ ನೋಡಿ. ನಾಳೆ ಮತ್ತೆ ಕಾಲು ಸುತ್ತು.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್ ☸️