ಕೋಡು ಬರೆಯುವವರ ನಗು

ಸಾಫ್ಟ್‌ವೇರ್ ಬರೆಯುವ ನಾಲ್ವರು ಚಹಾಕ್ಕೆ ಸೇರಿದ ಕಡೆ ದೇವರು, ದೆವ್ವ, ಹಣೆಬರಹಗಳು ಸುಳಿಯದೆ ಮಾತು ಮುಗಿಯುವುದು ಅಪರೂಪ. ಬಿಲ್ಡ್ ಕೈಕೊಟ್ಟರೆ “ಗಣಪತಿಗೊಂದು ಕಾಯಿ ಒಡೆಸಪ್ಪ” ಅನ್ನುತ್ತಾರೆ. ಯಾರು ಬರೆದದ್ದೆಂದೇ ಗೊತ್ತಿಲ್ಲದ ಹಳೆಯ ಕೋಡು ಹೇಗೋ ನಡೆಯುತ್ತಿದ್ದರೆ “ಅದನ್ನ ಮುಟ್ಟಬೇಡ ಗುರು, ದೇವರು ನಡೆಸ್ತಿದ್ದಾನೆ” ಅನ್ನುತ್ತಾರೆ. ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಹೊಸದೇನನ್ನೂ ಹಾಕಬಾರದೆಂಬ ನೇಮಕ್ಕೆ ರಾಹುಕಾಲದಷ್ಟೇ ಮರ್ಯಾದೆ ಇದೆ. ಟೆಸ್ಟಿಂಗ್‌ನವರು ತಪ್ಪು ಹಿಡಿದು ತಂದರೆ “ನನ್ನ ಮೆಷಿನ್‌ನಲ್ಲಿ ಓಡ್ತಿದೆಯಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಯುಧಪೂಜೆಯ ದಿನ ಇದೇ ಜನ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕುಂಬಳಕಾಯಿ ಒಡೆಯುತ್ತಾರೆ. ಹೊತ್ತು ಕಳೆಯುವ ಹರಟೆ ಎಂದು ಇದನ್ನೆಲ್ಲ ಬದಿಗಿಡುವುದು ಸುಲಭ. ದೇವರನ್ನು ಹಗುರ ಮಾಡುವ ಮಾತು ಎಂದು ಮುನಿಸಿಕೊಳ್ಳುವವರೂ ಇದ್ದಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ತನ್ನ ಅರಿವಿಗೆ ಮಿತಿಯಿದೆ ಎಂದು ಮನುಷ್ಯ ಒಪ್ಪಿಕೊಳ್ಳುವ ಪರಿಗಳಲ್ಲಿ ಈ ನಗುವೂ ಒಂದು, ಆ ಮಟ್ಟಿಗೆ ಅದು ಧರ್ಮದ ನೆರೆಯಲ್ಲೇ ಇದೆ ಎಂಬುದು ನನ್ನ ವಾದ. ಆದರೆ ಆ ಒಪ್ಪಿಗೆ ಯಾರ ಕಿವಿಗೆ ಮುಟ್ಟುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಈ ಕಸುಬಿಗೆ ಇಂಥ ನಗು ಯಾಕೆ ಒಗ್ಗಿತು? ರೈತನಿಗೆ ಮಳೆಯ ಮೇಲೆ, ಬಡಗಿಗೆ ಮರದ ಗಂಟಿನ ಮೇಲೆ ತಪ್ಪು ಹೊರಿಸಲು ಅವಕಾಶವಿದೆ. ಅವು ಅವರು ಮಾಡಿದವಲ್ಲ. ಪ್ರೋಗ್ರಾಮಿನ ಪ್ರತಿಯೊಂದು ಸಾಲನ್ನೂ ಮನುಷ್ಯನೇ ಇಟ್ಟಿದ್ದಾನೆ, ಅಥವಾ ಅವನು ಕಟ್ಟಿದ ಇನ್ನೊಂದು ಪ್ರೋಗ್ರಾಂ ಇಟ್ಟಿದೆ. ಹಾಗಿದ್ದೂ ಅದು ಮುಂದೆ ಏನು ಮಾಡೀತು ಎಂದು ಬರೆದವನಿಗೆ ಗೊತ್ತಿರುವುದಿಲ್ಲ. ಇದು ಬರೀ ಅನುಭವದ ಕೊರತೆಯಲ್ಲ. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ಎಂದಾದರೂ ನಿಲ್ಲುತ್ತದೋ ಇಲ್ಲವೋ ಎಂದು ಹೇಳಿಬಿಡುವ ಸಾರ್ವತ್ರಿಕ ವಿಧಾನ ಇರಲಾರದು ಎಂಬುದು ಅಲನ್ ಟ್ಯೂರಿಂಗ್ 1936ರಲ್ಲಿ ಪ್ರಕಟಿಸಿದ ಗಣಿತದಿಂದಲೇ ಸಿದ್ಧವಾಗುತ್ತದೆ. ಆಗಿನ್ನೂ ಇಂದಿನ ಅರ್ಥದ ಕಂಪ್ಯೂಟರೇ ಹುಟ್ಟಿರಲಿಲ್ಲ. ಪರೀಕ್ಷೆಯಿಂದ ದೋಷ ಇದೆ ಎಂದು ತೋರಿಸಬಹುದೇ ಹೊರತು ಇಲ್ಲವೆಂದು ತೋರಿಸಲಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಮುಂದೆ ಎಚ್ಚರಿಸಿದರು. ಅಂದರೆ, ಕರ್ತೃವಾಗಿರುವುದು ಬೇರೆ, ಸರ್ವಜ್ಞನಾಗಿರುವುದು ಬೇರೆ. ಈಶ್ವರನಲ್ಲಿ ಇವೆರಡೂ ಕೂಡಿವೆ ಎಂದು ಆಸ್ತಿಕರು ನಂಬುತ್ತಾರೆ. ಮನುಷ್ಯನಲ್ಲಿ ಕೂಡಿಲ್ಲವೆಂಬುದನ್ನು ಕೋಡು ದಿನವೂ ತೋರಿಸಿಕೊಡುತ್ತದೆ. ಕೇನೋಪನಿಷತ್ತಿನಲ್ಲಿ ಗೆಲುವು ತಮ್ಮದೆಂದು ಬೀಗಿದ ದೇವತೆಗಳ ಮುಂದೆ ಯಕ್ಷನೊಬ್ಬ ಹುಲ್ಲುಕಡ್ಡಿ ಇಡುತ್ತಾನೆ. ಅಗ್ನಿ ಅದನ್ನು ಸುಡಲಾರ, ವಾಯು ಅಲ್ಲಾಡಿಸಲಾರ. ಇಬ್ಬರೂ ಸೋತು ಹಿಂದಿರುಗಿ, ಆ ಯಕ್ಷ ಯಾರೆಂದು ತಿಳಿಯಲಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಇಡೀ ರಾತ್ರಿ ತಲೆ ಕೆಡಿಸಿಕೊಂಡ ತಂಡ ಬೆಳಗ್ಗೆ ನಗುತ್ತದಲ್ಲ, ಆ ನಗುವಿನಲ್ಲೂ ಇದೇ ಒಪ್ಪಿಗೆ ಇದೆ.

ದೇವರನ್ನು ಎಳೆದು ತರುವುದು ಅಗೌರವವಲ್ಲವೇ ಎಂಬ ಆಕ್ಷೇಪಕ್ಕೆ ಕನ್ನಡಿಗರು ಬಹಳ ದೂರ ಹೋಗಿ ಉತ್ತರ ಹುಡುಕಬೇಕಿಲ್ಲ. ನಮ್ಮ ಹರಿದಾಸರಲ್ಲಿ ನಿಂದಾಸ್ತುತಿ ಎಂಬ ಪ್ರಕಾರವೇ ಇದೆ. ದೇವರನ್ನು ಹಂಗಿಸುವುದು, ಕೆಣಕುವುದು, ಲೆಕ್ಕ ಕೇಳುವುದು ಅಲ್ಲಿ ಭಕ್ತಿಯೇ. ಸಲಿಗೆ ಹುಟ್ಟುವುದು ನಿತ್ಯ ಒಡನಾಟವಿದ್ದಲ್ಲಿ ಮಾತ್ರ. ಸಲಿಗೆಯ ಈ ಗುಣ ಮತದ ಹಟವನ್ನೂ ಸಡಿಲಿಸುತ್ತದೆ. ಸಂಖ್ಯೆಯ ಯಾವ ತುದಿಯ ಬೈಟನ್ನು ಮೊದಲು ಕಳಿಸಬೇಕು ಎಂದು ಎಂಜಿನಿಯರುಗಳು ಜಗಳಕ್ಕೆ ನಿಂತಿದ್ದ ಕಾಲದಲ್ಲಿ ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೋಹೆನ್ 1980ರ ಏಪ್ರಿಲ್ 1ರಂದು ಒಂದು ಲೇಖನ ಹೊರತಂದರು. ಅದರ ಶೀರ್ಷಿಕೆಯಲ್ಲೇ ಧರ್ಮಯುದ್ಧ ಮತ್ತು ಶಾಂತಿಯ ಬೇಡಿಕೆಗಳಿದ್ದವು. ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದಲೋ ಎಂದು ಕಾದಾಡುವ ಸ್ವಿಫ್ಟ್‌ನ ಕತೆಯ ಲಿಲಿಪುಟ್ಟರನ್ನು ತಂದು, ಎರಡರಲ್ಲಿ ಯಾವುದಾದರೂ ಸರಿ, ಎಲ್ಲರೂ ಒಂದನ್ನು ಒಪ್ಪುವುದು ಮುಖ್ಯ ಎಂದರು. ಮೊಟ್ಟೆಯ ತುದಿಗಳಿಂದ ಅಂದು ಪಡೆದ ಹಾಸ್ಯದ ಹೆಸರುಗಳೇ ಇಂದಿಗೂ ಪಠ್ಯಪುಸ್ತಕಗಳಲ್ಲಿ ಗಂಭೀರ ಪಾರಿಭಾಷಿಕಗಳಾಗಿ ಉಳಿದಿವೆ. ತಾವು ಹಿಡಿದದ್ದು ಸತ್ಯವೋ ಬರೀ ರೂಢಿಯೋ ಎಂದು ಕೇಳಿಕೊಳ್ಳುವಂತೆ ಒಂದು ಸಮುದಾಯವನ್ನು ನಗಿಸಿಯೇ ಮಾಡಿದ್ದು ಸಣ್ಣ ಸಂಗತಿಯಲ್ಲ. ಮತಪಂಥಗಳಿಗೆ ಈ ಭಾಗ್ಯ ಅಷ್ಟು ಸುಲಭಕ್ಕೆ ಒದಗಿಲ್ಲ.

ನಗು ಸದಾ ಇಷ್ಟು ನಿರ್ಮಲವೇ ಎಂದು ಕೇಳಬಹುದು. ಪರರ ಅಜ್ಞಾನ ಕಂಡು ನಗುವುದರಲ್ಲಿ ಮತ್ಸರ ಬೆರೆತಿದೆ ಎಂದು ಪ್ಲೇಟೊ ಶಂಕಿಸಿದ. ಪರರ ಕುಂದು ಕಂಡಾಗ ತಾನು ಮೇಲೆಂದು ಥಟ್ಟನೆ ಉಕ್ಕುವ ಹೆಮ್ಮೆಯೇ ನಗು ಎಂದು ಹಾಬ್ಸ್ ವಿವರಿಸಿದ. ಕಸುಬಿನೊಳಗೆ ಅಂಥ ನಗುವೂ ಇದೆ. ಬಳಸುವವರಿಗೆ ಬುದ್ಧಿ ಸಾಲದು, ದೋಷ ಇರುವುದು ಕೀಬೋರ್ಡಿಗೂ ಕುರ್ಚಿಗೂ ನಡುವೆ ಎಂಬ ಹಳೆಯ ಚಟಾಕಿ ಆ ಜಾತಿಯದ್ದು. ಹೊಸದಾಗಿ ಸೇರಿದ ಹುಡುಗಿಯ ಪ್ರಶ್ನೆಗೆ ಹಿರಿಯರು ಕಣ್ಣು ಮಿಟುಕಿಸಿ ನಗುವುದೂ ಹಾಗೆಯೇ. ಇಂಥದನ್ನು ನಾನು ಸಮರ್ಥಿಸಲಾರೆ. ಎರಡನ್ನೂ ಬೇರ್ಪಡಿಸುವ ಗುರುತು ಮಾತ್ರ ಸ್ಪಷ್ಟವಾಗಿದೆ. “ನನ್ನ ಮೆಷಿನ್‌ನಲ್ಲಿ ಓಡ್ತಿದೆಯಲ್ಲ” ಎಂದವನನ್ನು ನೋಡಿ ಎಲ್ಲರೂ ನಗುವುದು ತಾವೂ ಹಾಗೆ ಹೇಳಿರುವುದರಿಂದ. ಅಲ್ಲಿ ನಗುವವರಿಗೂ ನಗೆಗೀಡಾದವರಿಗೂ ಪಾಲು ಸಮ. ಬಳಕೆದಾರನನ್ನು ಹೀಗಳೆಯುವ ಮಾತಿನಲ್ಲಿ ಅವನಿಗೆ ಪಾಲೇ ಇಲ್ಲ, ಅವನು ಆ ಕೋಣೆಯಲ್ಲೂ ಇಲ್ಲ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ತಪ್ಪನ್ನು ನಕ್ಕು ಹಗುರ ಮಾಡಿಕೊಂಡರೆ ಅದರಿಂದ ಕೆಟ್ಟವರ ಗತಿಯೇನು? ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆಯ ಹೊರೈಜನ್ ಪ್ರಕರಣವನ್ನು ಮುಂದಿಟ್ಟುಕೊಂಡೇ ಇದಕ್ಕೆ ಉತ್ತರಿಸಬೇಕು. 1999ರಿಂದ ಅಲ್ಲಿನ ಉಪ ಅಂಚೆ ಕಚೇರಿಗಳಿಗೆ ಬಂದ ಆ ಲೆಕ್ಕದ ಸಾಫ್ಟ್‌ವೇರ್, ಇಲ್ಲದ ಕೊರತೆಗಳನ್ನು ತೋರಿಸಿತು. ಹಣ ಕದ್ದಿದ್ದಾರೆ, ಸುಳ್ಳು ಲೆಕ್ಕ ಬರೆದಿದ್ದಾರೆ ಎಂದು 900ಕ್ಕೂ ಹೆಚ್ಚು ಪೋಸ್ಟ್‌ಮಾಸ್ಟರುಗಳು ಅಪರಾಧಿಗಳೆನಿಸಿದರು. ಕೆಲವರು ಜೈಲು ಕಂಡರು, ಹಲವರು ದಿವಾಳಿಯಾದರು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದೇ ಭಾವಿಸಬೇಕು, ಅಲ್ಲವೆನ್ನುವವರು ಅದನ್ನು ತೋರಿಸಿಕೊಡಬೇಕು ಎಂಬುದು ಅಲ್ಲಿನ ನ್ಯಾಯಾಲಯಗಳ ನಿಲುವಾಗಿತ್ತು. ವ್ಯವಸ್ಥೆಯಲ್ಲಿ ದೋಷಗಳಿದ್ದವೆಂದು ಹೈಕೋರ್ಟ್ ತೀರ್ಪು ಕೊಟ್ಟದ್ದು 2019ರಲ್ಲಿ. ಆ ಶಿಕ್ಷೆಗಳಲ್ಲಿ ಬಹುಪಾಲನ್ನು ರದ್ದುಮಾಡುವ ಕಾನೂನು ಬಂದದ್ದು 2024ರಲ್ಲಿ. ಇಲ್ಲಿ ಜನರನ್ನು ಕೆಡಿಸಿದ್ದು ನಗುವಲ್ಲ, ಯಂತ್ರ ತಪ್ಪು ಮಾಡದೆಂಬ ಮುಖ ಬಿಗಿದ ನಂಬಿಕೆ. ಆದರೂ ಈ ಪ್ರಕರಣ ನಗುವವರನ್ನು ಪೂರ್ತಿ ಬಿಟ್ಟುಬಿಡುವುದಿಲ್ಲ. ಆ ಸಾಫ್ಟ್‌ವೇರಿನಲ್ಲಿ ದೋಷಗಳಿವೆಯೆಂದು ಅದನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಹಲವರಿಗೆ ಮೊದಲಿನಿಂದಲೂ ತಿಳಿದಿತ್ತು. ಯಾವ ಕೋಡೂ ನಿರ್ದೋಷವಲ್ಲ ಎಂಬುದು ಈ ಕಸುಬಿನ ಯಾವ ಕ್ಯಾಂಟೀನಿಗೆ ಹೋದರೂ ಎಲ್ಲರೂ ಬಲ್ಲ ಸಂಗತಿ. ಅದು ಕಟಕಟೆಯಲ್ಲಿ ನಿಂತವರ ನೆರವಿಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ತಮ್ಮತಮ್ಮಲ್ಲಿ ಒಪ್ಪಿಕೊಂಡು ಹೊರಗೆ ಸುಮ್ಮನಿರುವುದನ್ನು ಯಾವ ಧರ್ಮವೂ ವಿನಯವೆಂದು ಕರೆಯದು.

ನಗುವ ಬಾಯಿಯೇ ಹೊಣೆಯನ್ನೂ ಹೊರಬಲ್ಲದು ಎಂಬುದಕ್ಕೆ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಸಾಕ್ಷಿ. ಒಂದು ಟಿಪ್ಪಣಿಯ ಕೊನೆಗೆ, ಈ ಕೋಡು ಸರಿಯೆಂದು ಸಾಧಿಸಿದ್ದೇನೆ ಅಷ್ಟೆ, ಓಡಿಸಿ ನೋಡಿಲ್ಲ, ಜೋಕೆ ಎಂಬರ್ಥದ ಮಾತು ಬರೆದವರು ಅವರು. ತಮ್ಮ ಪುಸ್ತಕಗಳಲ್ಲಿ ತಪ್ಪನ್ನು ಮೊದಲು ಹುಡುಕಿದವರಿಗೆ 2.56 ಡಾಲರಿನ ಚೆಕ್ ಕಳಿಸುತ್ತಿದ್ದರು. 256 ಸೆಂಟ್ ಅಂದರೆ ಹದಿನಾರರ ಎಣಿಕೆಯಲ್ಲಿ ಒಂದು ಡಾಲರು, ಅದೂ ಒಂದು ತಮಾಷೆಯೇ. ಲೂಥರನ್ ಕ್ರೈಸ್ತರಾದ ಅವರು ಬೈಬಲ್ಲಿನ ಬಗ್ಗೆಯೂ ಪುಸ್ತಕ ಬರೆದಿದ್ದಾರೆ. ಅವರ ಚೆಕ್ಕಿನಲ್ಲಿ ಚಟಾಕಿ, ತಪ್ಪೊಪ್ಪಿಗೆ, ತೆತ್ತ ಹಣ ಮೂರೂ ಒಂದೇ ಕಾಗದದಲ್ಲಿದ್ದವು. ಅದು ತಲುಪುತ್ತಿದ್ದದ್ದು ತಪ್ಪು ಕಂಡುಹಿಡಿದ ಅಪರಿಚಿತನಿಗೆ.

ಒಪ್ಪಿಗೆ ಮುಟ್ಟಬೇಕಾದ ಇಂಥ ಅಪರಿಚಿತರು ನಮ್ಮಲ್ಲೂ ಇದ್ದಾರೆ. ಕರ್ನಾಟಕದ ನ್ಯಾಯಬೆಲೆ ಅಂಗಡಿಯೆದುರು ಸಾಲು ನಿಂತ ಮುದುಕಿಗೂ ಸಾಫ್ಟ್‌ವೇರಿಗೂ ಇಂದು ನೇರ ಸಂಬಂಧವಿದೆ; ಅವಳ ಅಕ್ಕಿ ಬೆರಳಚ್ಚಿನ ಯಂತ್ರ, ಅದರಾಚೆಯ ಸರ್ವರ್ ಎರಡನ್ನೂ ದಾಟಿ ಬರಬೇಕು. ಅದು ಕೈಕೊಟ್ಟ ದಿನ ಅವಳಿಗೆ ಸಿಗುವ ಉತ್ತರ “ನಿಮ್ಮ ಬೆರಳು ತಗೊಳ್ತಿಲ್ಲಮ್ಮ” ಎಂದು. ಬೆರಳು ಸವೆದದ್ದು ದುಡಿಮೆಯಿಂದ. ಸವೆದ ಬೆರಳೂ ಇರುತ್ತದೆಂದು ಎಣಿಸದೆ ಬರೆದದ್ದು ನಮ್ಮ ಅರಿವಿನ ಮಿತಿ ಎಂದು, ಅವಳಿಗೆ ಕೇಳಿಸುವ ಹಾಗೆ, ಬೇರೆ ದಾರಿಯೊಂದನ್ನು ಅಲ್ಲೇ ತೆರೆದಿಟ್ಟು ಹೇಳುವ ಬಾಧ್ಯತೆ ಅದನ್ನು ಕಟ್ಟಿದವರಿಗೂ ಕಟ್ಟಿಸಿದವರಿಗೂ ಇದೆ.