ಗುಡವಿಯ ಹಕ್ಕಿಗಳೂ ದೂರವಾಣಿಯ ಗೋಪುರಗಳೂ

ನೊಂದೆನೆಂದು ಹೇಳಲಾರದ ಪ್ರಾಣಿಗೆ ನಮ್ಮಿಂದ ನೋವಾಗುತ್ತಿದೆಯೋ ಇಲ್ಲವೋ ಎಂಬುದು ನಿಶ್ಚಯವಾಗಿ ತಿಳಿಯದಿರುವಾಗ ನಮ್ಮ ಕರ್ತವ್ಯವೇನು? ಮೊಬೈಲ್ ಗೋಪುರಗಳ ವಿಕಿರಣವು ಪಶುಪಕ್ಷಿಗಳಿಗೆ ಕೇಡೆಂಬ ಮಾತು ಕೇಳಿಬಂದಾಗಲೆಲ್ಲ ಈ ಪ್ರಶ್ನೆ ಏಳುವುದು. ಸೊರಬದ ಸೀಮೆಯವರಿಗೆ ಇದು ಪರದೇಶದ ವಿಚಾರವಲ್ಲ. ಗುಡವಿಯ ಕೆರೆಯ ನೀರಿನಲ್ಲಿಯೇ ಬೆಳೆದು ನಿಂತ ಮರಗಳ ಮೇಲೆ, ಮಳೆಗಾಲ ಹಿಡಿಯಿತೆಂದರೆ, ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬಕಗಳು ಗೂಡು ಕಟ್ಟಿ ಮರಿ ಮಾಡುವುವು. ಪಕ್ಷಿಧಾಮದ ವಿಸ್ತಾರ ಒಂದು ಚದರ ಕಿಲೋಮೀಟರಿಗೂ ಕಡಮೆ. ಅದರ ಎಲ್ಲೆಯನ್ನು ಮನುಷ್ಯರು ಮನ್ನಿಸಬಹುದು. ರೇಡಿಯೋ ಅಲೆಗಳು ಮನ್ನಿಸವು.

ಮೊದಲು ತಿಳಿದಷ್ಟನ್ನು ನೋಡೋಣ. 2010ರಲ್ಲಿ ಭಾರತ ಸರ್ಕಾರದ ಪರಿಸರ ಮತ್ತು ಅರಣ್ಯ ಸಚಿವಾಲಯವು ಪಕ್ಷಿತಜ್ಞ ಅಸದ್ ರಹಮಾನಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದು ಪರಿಶೀಲಿಸಿದ 919 ಸಂಶೋಧನೆಗಳಲ್ಲಿ 593 ಒಂದಲ್ಲ ಒಂದು ಪರಿಣಾಮವನ್ನು ಸೂಚಿಸಿದ್ದುವು. ಈ ಸಂಖ್ಯೆಯನ್ನು ಕೇಳಿದೊಡನೆ ವಾದ ಮುಗಿಯಿತೆನ್ನುವವರುಂಟು. ಆದರೆ ಅವುಗಳಲ್ಲಿ ಬಹುಪಾಲು ಮನುಷ್ಯರನ್ನು ಕುರಿತವು. ಹಕ್ಕಿಗಳನ್ನು ಕುರಿತವು ಬೆರಳೆಣಿಕೆಯಷ್ಟೇ ಎನ್ನಬೇಕು. ಜರ್ಮನಿಯ ಓಲ್ಡೆನ್‌ಬರ್ಗಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವು ಹೆಚ್ಚು ಬಲವಾದುದು. ಅಲ್ಲಿ ರಾಬಿನ್ ಎಂಬ ವಲಸೆಹಕ್ಕಿ ನಗರದ ವಿದ್ಯುತ್ಕಾಂತ ಗದ್ದಲದ ನಡುವೆ ದಿಕ್ಕುಗೆಟ್ಟಿತು. ಗುಡಿಸಲಿಗೆ ಅಲ್ಯೂಮಿನಿಯಂ ತಗಡಿನ ಮರೆ ಕಟ್ಟಿದಾಗ ದಿಕ್ಕನ್ನು ಮರಳಿ ಕಂಡಿತು. ಅಷ್ಟಾದರೂ ಆ ಗದ್ದಲದ ಆವರ್ತನಗಳು ಮೊಬೈಲಿನ ಅಲೆಗಳಿಗಿಂತ ಬಹಳ ಕೆಳಗಿನವು. ಇನ್ನು ಗುಬ್ಬಚ್ಚಿಯ ವಿಷಯ: ಅವು ಮಹಾನಗರಗಳಲ್ಲಿ ಕುಗ್ಗಿದ್ದರೂ ದೇಶದಲ್ಲಿ ಒಟ್ಟಾರೆ ಸ್ಥಿರವಾಗಿವೆ ಎಂದು 2020ರ ಭಾರತೀಯ ಪಕ್ಷಿಗಳ ಸ್ಥಿತಿವರದಿ ಹೇಳಿತು.

ಹೀಗಿರಲು 'ರುಜುವಾತಾಗಿಲ್ಲ, ಆದುದರಿಂದ ಹಾನಿಯಿಲ್ಲ' ಎನ್ನುವವನೂ, 'ಸಂಶಯವಿದೆ, ಆದುದರಿಂದ ಅಪರಾಧವೇ' ಎನ್ನುವವನೂ ತಿಳಿಯದುದನ್ನು ತಿಳಿದಂತೆ ನಟಿಸುವವರೇ ಸರಿ. ಆದರೆ ಇಬ್ಬರ ತಪ್ಪಿಗೂ ತೆರಬೇಕಾದ ಬೆಲೆ ಒಂದೇ ಅಲ್ಲ. ಮೊದಲನೆಯವನು ತಪ್ಪಿದರೆ ದಂಡ ತೆರುವುದು ಹಕ್ಕಿ. ಭಾರತವು 2012ರಲ್ಲಿ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲಿಗೆ ಇಳಿಸಿತು, ಪ್ರಶಂಸನೀಯವೇ. ಆದರೆ ಆ ಅಳತೆ ಮನುಷ್ಯದೇಹಕ್ಕೆ ಗೊತ್ತುಮಾಡಿದ್ದು. ನಾವು ಗೋಪುರದ ಬುಡದಲ್ಲಿ ನಡೆಯುವೆವು; ಹಕ್ಕಿಯಾದರೋ ಅಲೆಗಳು ಹೊರಡುವ ಎತ್ತರದಲ್ಲಿಯೇ ಹಾರುವುದು, ಆ ಉಕ್ಕಿನ ಮೇಲೆಯೇ ಕೂರುವುದು. ಅದರ ಪರವಾಗಿ ಅಳೆದವರಾರು?

ಹಾಗೆಂದು ಗೋಪುರವೇ ಬೇಡವೆನ್ನಬಹುದೇ? ಮಲೆನಾಡಿನ ಒಂಟಿ ಮನೆಯಲ್ಲಿ ನಡುರಾತ್ರಿ ಹಾವು ಕಚ್ಚಿದವನಿಗಾಗಿ 108ಕ್ಕೆ ಕರೆಮಾಡಲು ಗುಡ್ಡ ಹತ್ತಬೇಕಾದ ಅವಸ್ಥೆಯನ್ನು ಬಲ್ಲವರು ಹಾಗೆನ್ನಲಾರರು. ಪಟ್ಟಣದಲ್ಲಿ ಕುಳಿತು, ಕೈಯಲ್ಲಿ ಆ ಯಂತ್ರವನ್ನೇ ಹಿಡಿದು, ಹಳ್ಳಿಗೆ ತ್ಯಾಗವನ್ನು ಬೋಧಿಸುವುದು ನನಗೆ ಅಸಹ್ಯವಾಗಿ ತೋರುತ್ತದೆ. ಆದರೆ ಕೆರೆಯ ದಂಡೆಯನ್ನು ಬಿಟ್ಟು, ಊರಿನ ಆಚೆಯ ಮಗ್ಗುಲಲ್ಲಿ ಗೋಪುರವನ್ನು ನಿಲ್ಲಿಸುವುದರಿಂದ ಹಳ್ಳಿಗೆ ಆಗುವ ನಷ್ಟ ಅತ್ಯಲ್ಪ. ಇರುವ ಗೋಪುರದಿಂದ ಒಂದು ಕಿಲೋಮೀಟರಿನೊಳಗೆ ಹೊಸದನ್ನು ಕಟ್ಟಬಾರದೆಂದು 2012ರಲ್ಲಿ ಅದೇ ಸಚಿವಾಲಯ ನೀಡಿದ ಸಲಹೆಯೂ ಇಂತಹ ಅಗ್ಗದ ಸಂಯಮವೇ ಆಗಿತ್ತು. ಅಲ್ಪವೆಚ್ಚದಲ್ಲಿ ಸಾಧ್ಯವಾಗುವ ದಯೆಗೂ ಪೂರ್ಣ ರುಜುವಾತನ್ನು ಕೇಳುವುದು ನ್ಯಾಯವಲ್ಲ.

ಇನ್ನೊಂದು ಮಾತು. ಗೋಪುರವನ್ನು ದೂರುವುದು ನಮಗೆ ಸುಲಭ, ಏಕೆಂದರೆ ಅದು ಕಂಪೆನಿಯದು. ಗದ್ದೆಗೆ ಹೊಡೆಯುವ ಕೀಟನಾಶಕ ನಮ್ಮದು. ಡಿಡಿಟಿಯು ಹಕ್ಕಿಗಳ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುವುದೆಂಬುದು ಸಂಶಯವಾಗಿ ಉಳಿದಿಲ್ಲ. ದಶಕಗಳ ಹಿಂದೆಯೇ ಸಿದ್ಧವಾದ ಸಂಗತಿ. ಕೆಂಬರಲು ಮೇವು ಹುಡುಕುವುದು ಕೆಸರಿನಲ್ಲಿ, ಗದ್ದೆಯ ನೀರಿನಲ್ಲಿ. ಅಲೆಗಳ ವಿಷಯದಲ್ಲಿ ಎಚ್ಚರಿಕೆಯನ್ನು ಕೇಳುವ ಮನೆಯವರು ತಮ್ಮ ಗದ್ದೆಯ ಬದುವಿನಲ್ಲಿಯೂ ಅದನ್ನೇ ಕೇಳಿಕೊಳ್ಳಬೇಕಾಗುವುದು. ಗುಡವಿಯ ಆಸುಪಾಸಿನಲ್ಲಿ ಹೊಸ ಗೋಪುರ ಏಳುವುದಾದರೆ, ಅದಕ್ಕೆ ಮುಂಚಿನ ಎರಡು ಮಳೆಗಾಲ, ಆಮೇಲಿನ ಎರಡು ಮಳೆಗಾಲ ಗೂಡುಗಳನ್ನೂ ಮರಿಗಳನ್ನೂ ಎಣಿಸಿಡುವ ಕೆಲಸಕ್ಕೆ ಒಂದು ದುರ್ಬೀನು, ಒಂದು ನೋಟುಪುಸ್ತಕ, ತಾಳ್ಮೆಯುಳ್ಳ ಇಬ್ಬರು ಉಪಾಧ್ಯಾಯರು ಸಾಕು.