ರಾಕ್‌ಹಾಪರ್ ಪೆಂಗ್ವಿನ್ನಿನ ಜಾತಿ ಎಲ್ಲಿದೆ?

ಎಲ್ಲ ಹಸುಗಳಲ್ಲೂ ಹಸುತನ ಎಂಬ ನಿತ್ಯವಾದ ಒಂದೇ ವಸ್ತು, ಅಂದರೆ ಜಾತಿ, ನೆಲೆಸಿದೆ ಎನ್ನುತ್ತಾರೆ ನ್ಯಾಯದರ್ಶನದ ನೈಯಾಯಿಕರು. ಮಾಧ್ವರು ಇದನ್ನು ಒಪ್ಪುವುದಿಲ್ಲ. ಪ್ರತಿ ಹಸುವೂ ಬೇರೆ, ಅದರ ಧರ್ಮ ಅದರದೇ; ಅವುಗಳ ನಡುವೆ ಇರುವುದು ಸಾದೃಶ್ಯ, ಆ ಸಾದೃಶ್ಯ ಕಲ್ಪನೆಯಲ್ಲ, ನಿಜ. ಉಡುಪಿಯಲ್ಲಿ ಅಜ್ಜನ ಬಳಿ ತರ್ಕದ ಪಾಠ ಹೇಳಿಸಿಕೊಂಡವಳು ನಾನು. ಮುಂದೆ ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಹಸು, ಗಡಿಗೆ ಬಿಟ್ಟು ಬೇರೆ ಉದಾಹರಣೆ ಕೊಟ್ಟವಳಲ್ಲ. ಈಗ ಕೊಡುವುದಾದರೆ ದಕ್ಷಿಣ ಸಾಗರದ ಜುಟ್ಟಿನ ಪೆಂಗ್ವಿನ್‌ಗಳನ್ನೇ ಕೊಡುತ್ತೇನೆ.

ಅವುಗಳಲ್ಲಿ ರಾಕ್‌ಹಾಪರ್‌ಗಳನ್ನು ಬಹುಕಾಲ ಒಂದೇ ಜಾತಿ ಎಂದು ಎಣಿಸುತ್ತಿದ್ದರು. ಟ್ರಿಸ್ಟನ್ ಡ ಕುನ್ಹಾ, ಗಾಫ್, ಆಮ್‌ಸ್ಟರ್‌ಡಾಂ, ಸೇಂಟ್ ಪಾಲ್ ದ್ವೀಪಗಳಲ್ಲಿರುವ ಉತ್ತರದವುಗಳ ಜುಟ್ಟು ಹೆಚ್ಚು ಉದ್ದ, ಕೂಗು ಬೇರೆ, ಸುತ್ತಲ ಕಡಲೂ ಅಷ್ಟು ತಣ್ಣಗಿಲ್ಲ. 2006ರಲ್ಲಿ ಪಿಯೆರ್ ಜುವಾಂತಾಂ ಮತ್ತು ಸಂಗಡಿಗರು ವಂಶವಾಹಿ, ಕೂಗು, ಜುಟ್ಟು ಮೂರನ್ನೂ ಹೋಲಿಸಿ ನೋಡಿ ಇವು ಬೇರೆ ಜಾತಿ ಎಂದರು. ಕೂಗು, ಜುಟ್ಟುಗಳಿಂದಲೇ ಈ ಹಕ್ಕಿಗಳು ಸಂಗಾತಿಯನ್ನು ಆರಿಸುತ್ತವೆ. ಅಂದಮೇಲೆ ಹೋಲಿಕೆಯನ್ನು ಗುರುತಿಸುವವರು ನಾವಷ್ಟೇ ಅಲ್ಲ.

ಆದರೆ ನಿತ್ಯವಾದ ಜಾತಿ ಮಾತ್ರ ಇಲ್ಲಿ ಎಲ್ಲೂ ಸಿಗುವುದಿಲ್ಲ. ವಿಕಾಸದ ಅಷ್ಟೂ ಉದ್ದದಲ್ಲಿ ಯಾವ ಮರಿಯೂ ತಾಯಿಯದಲ್ಲದ ಜಾತಿಯಾಗಿ ಮೊಟ್ಟೆಯೊಡೆದು ಬರಲಿಲ್ಲ. ಮ್ಯಾಕ್ವಾರಿ ದ್ವೀಪದ ರಾಯಲ್ ಪೆಂಗ್ವಿನ್ನನ್ನೇ ನೋಡಿ: ಗಲ್ಲ ಬಿಳಿ. ಅದರ ಹತ್ತಿರದ ನಂಟ ಮ್ಯಾಕರೋನಿಯದು ಕಪ್ಪು. ಹಣೆಯ ಮೇಲೆ ಕೂಡುವ ಹಳದಿ ಜುಟ್ಟು ಎರಡಕ್ಕೂ ಇದೆ, ವಂಶವಾಹಿಗಳ ಅಂತರ ತೀರ ಕಡಿಮೆ. ಬೂದುಗಲ್ಲದ ರಾಯಲ್‌ಗಳೂ ಇವೆ. ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಇಂಥಲ್ಲಿ ಅಜ್ಜ ಹೇಳಿಕೊಟ್ಟ ಮಾಧ್ವ ಪಕ್ಷವೇ ನನಗೆ ಸರಿಯೆನಿಸುತ್ತದೆ.

ಇದು ಬರೀ ಶಾಸ್ತ್ರಚರ್ಚೆಯೂ ಅಲ್ಲ. ರಾಕ್‌ಹಾಪರ್‌ಗಳೆಲ್ಲವನ್ನೂ ಒಂದೇ ಲೆಕ್ಕಕ್ಕೆ ಹಾಕಿದರೆ ಫಾಕ್‌ಲ್ಯಾಂಡ್‌ನ ದಕ್ಷಿಣದ ಹಕ್ಕಿಗಳ ಸಂಖ್ಯೆಯಲ್ಲಿ ಗಾಫ್‌ನ ಉತ್ತರದವುಗಳ ಕುಸಿತ ಮುಚ್ಚಿಹೋಗುತ್ತದೆ. 2011ರ ಮಾರ್ಚ್‌ನಲ್ಲಿ ಒಲಿವಾ ಹಡಗು ಟ್ರಿಸ್ಟನ್ ಬಳಿಯ ನೈಟಿಂಗೇಲ್ ದ್ವೀಪದ ಬಂಡೆಗೆ ಬಡಿದು ಎಣ್ಣೆ ಹರಿಯಿತು. ಟ್ರಿಸ್ಟನ್‌ನ ಜನ ತಾವು ಪಿನ್ನಮಿನ್ ಎಂದು ಕರೆಯುವ ಸಾವಿರಾರು ರಾಕ್‌ಹಾಪರ್‌ಗಳನ್ನು ಊರಿಗೆ ತಂದು ತೊಳೆದರು, ಉಪಚರಿಸಿದರು, ಹೆಚ್ಚಿನವು ಉಳಿಯಲಿಲ್ಲ. ಹಾಗೆ ಸತ್ತವು ಇಡೀ ಲೋಕದಲ್ಲಿ ಬೆರಳೆಣಿಕೆಯ ದ್ವೀಪಗಳಲ್ಲಷ್ಟೇ ಮರಿ ಮಾಡುವ ಒಂದು ಜಾತಿಯವು.

ಜಾತಿಪಟ್ಟಿ ತಿದ್ದುವ ವಿದ್ವಾಂಸರಲ್ಲಿ ನನ್ನದೊಂದು ವಿನಂತಿ: ಸಂಶಯ ಬಗೆಹರಿಯುವವರೆಗೂ ರಾಯಲ್ ಪೆಂಗ್ವಿನ್ನನ್ನು ಬೇರೆಯೆಂದೇ ಎಣಿಸಿ.